ಒಂದು ಬಾಟಲಿ ನೀರು ಸಾಲದು

ಕಳವಾ ದಾಟಿದ ಲೋಕಲ್ ಮುಂಬ್ರಾ ಕಡೆ ತಿರುಗುವಾಗ ಒಂದು ಬದಿಗೆ ಪಾರ್ಸಿಕ್ ಗುಡ್ಡ, ಇನ್ನೊಂದು ಬದಿಗೆ ಖಾಡಿ. ಡೊಂಬಿವಲಿ, ಕಲ್ಯಾಣದ ನಮ್ಮ ಕನ್ನಡ ಮನೆಗಳ ಎಷ್ಟೋ ಮಕ್ಕಳು ದಿನವೂ ಈ ದಾರಿಯಲ್ಲೇ ಓಡಾಡುತ್ತಾರೆ. ಆ ನೀರಿನಲ್ಲಿ ಯಾವ ಮೀನಿದೆ ಎಂದು ಅವರನ್ನು ಕೇಳಿ. ಬಂಗುಡೆ, ಬೂತಾಯಿ ಎಂದಾರು. ಅವು ಹೊರಗಡಲಿನ ಮೀನುಗಳು. ಮಕ್ಕಳು ಕಂಡಿರುವುದು ಮಾರುಕಟ್ಟೆಯ ಬುಟ್ಟಿಯಲ್ಲಿ. 1902ರಲ್ಲೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ ನಾಡಿನವರ ಮೊಮ್ಮಕ್ಕಳ ಮಾತಿದು.

ಶಾಲೆ, ಕಾಲೇಜುಗಳು ಮಕ್ಕಳನ್ನು ಖಾಡಿಗೆ ಕರೆದೊಯ್ಯುವುದು ಒಳ್ಳೆಯದೇ. ನನ್ನ ತಕರಾರು ಅದು ಒಂದೇ ದಿನಕ್ಕೆ ಮುಗಿಯುವುದರ ಬಗ್ಗೆ. ಬಸ್ಸು, ಒಂದು ಬಾಟಲಿ ನೀರು, ಗುಂಪಿನ ಫೋಟೋ, ಒಂದು ವರದಿ. ಅಷ್ಟೇ.

ಇಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತದಲ್ಲಿ ಕಡಲ ನೀರು ಒಳಬರುತ್ತದೆ. ಇಳಿತದಲ್ಲಿ ಉಲ್ಹಾಸ್ ನದಿ ಊರುಗಳ ಕೊಳೆಯನ್ನೂ ಹೊತ್ತು ತರುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕವೂ ಹಾಗೆಯೇ: ಪಾಚಿಯಿರುವ ನೀರಿನಲ್ಲಿ ಬಿಸಿಲೇರಿದಂತೆ ಹೆಚ್ಚುತ್ತದೆ, ಬೆಳಗಿನ ಜಾವಕ್ಕೆ ಕುಸಿಯುತ್ತದೆ. ಸ್ನಾನಕ್ಕೆ ಯೋಗ್ಯವೆನ್ನಲು ನದಿನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬುದು ನಮ್ಮ ಮಾನದಂಡ. ಮಧ್ಯಾಹ್ನದ ಒಂದೇ ಬಾಟಲಿ ಪಾಸಾದರೆ ನದಿ ಪಾಸಾದಂತಲ್ಲ.

ಮೀನು ಕಂಡಿತೆಂದು ಹಿಗ್ಗುವುದೂ ಅವಸರವೇ. ತಿಲಾಪಿಯ ಕಡಿಮೆ ಆಮ್ಲಜನಕದಲ್ಲೂ ಬದುಕೀತು. ಮರಾಠಿಯವರು ನಿವಟಿ ಎನ್ನುವ ಮೀನು ಕೆಸರಿನ ಮೇಲೆ ಜಿಗಿಯುತ್ತಾ ಒದ್ದೆ ಚರ್ಮದಿಂದಲೂ ಉಸಿರಾಡುತ್ತದೆ. 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಠಾಣೆ ಖಾಡಿಯ ರಾಜಹಂಸಗಳೂ ಶುದ್ಧಿಯ ಪ್ರಮಾಣಪತ್ರವಲ್ಲ. ಅವು ತಿನ್ನುವ ಪಾಚಿಗೆ ನಮ್ಮ ಚರಂಡಿಯೂ ಗೊಬ್ಬರ. ಕೇಳಬೇಕಾದದ್ದು, ಯಾವ ಮೀನು ಈಗ ಬರುತ್ತಿಲ್ಲ ಎಂದು. ಅದಕ್ಕೆ ಉತ್ತರ ಹಿರಿಯ ಕೋಲಿ ಮೀನುಗಾರರಲ್ಲಿದೆ. ಅವರನ್ನು ಗೌರವಧನ ಕೊಟ್ಟು ಮೇಷ್ಟ್ರಾಗಿ ಕರೆಯಿರಿ.

ಕೆಸರು, ಸೆಳೆತ ಎಂದು ಹೆತ್ತವರು ಹೆದರುವುದು ಸಹಜ. ಮಕ್ಕಳು ನೀರಿಗಿಳಿಯಬೇಕಿಲ್ಲ. ಗಟ್ಟಿ ದಡದ ಮೇಲೆ ದೊಡ್ಡವರ ಕಣ್ಣೆದುರು ನಿಂತು, ಹಗ್ಗ ಕಟ್ಟಿದ ಬಕೆಟ್ಟಿನಿಂದ ನೀರು ಎತ್ತಿದರೆ ಸಾಕು. ಕೈಗೆ ಗವಸು ಇರಲಿ.

ತಿಂಗಳಿಗೊಮ್ಮೆ, ಅದೇ ಜಾಗ, ಭರತ–ಇಳಿತ ಎರಡರಲ್ಲೂ ಉಷ್ಣತೆ, ಉಪ್ಪು, ಆಮ್ಲಜನಕ ಅಳೆದು, ಗಂಟೆ ಸಮೇತ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆಯಲಿ. ಹತ್ತನೆಯವರು ಹೊರಡುವಾಗ ಅದನ್ನು ಒಂಬತ್ತನೆಯವರ ಕೈಗಿಡಲಿ. ಹತ್ತು ವರ್ಷದ ಅಂಥ ರಿಜಿಸ್ಟರನ್ನು ಮೇಜಿನ ಮೇಲಿಟ್ಟರೆ ಯಾವ ನಗರಪಾಲಿಕೆಯೂ ಸುಲಭವಾಗಿ ತಳ್ಳಿಹಾಕಲಾರದು. ಫೋಟೋಗೆ ಆ ಬಲವಿಲ್ಲ.