ಗೇಟಿಲ್ಲದ ಥೀಮ್ ಪಾರ್ಕು

ವಿದೇಶಕ್ಕೆ ಹೋಗಿ ಬಂದವರ ಕನ್ನಡ ಬರಹಗಳಲ್ಲಿ ಥೀಮ್ ಪಾರ್ಕಿನ ಪುಟಗಳು ಎರಡೇ ಬಗೆಯವು. ಒಂದರಲ್ಲಿ ಲೇಖಕರು ಬಾಯಿ ತೆರೆದುಕೊಂಡು ನೋಡುತ್ತಾರೆ: ಎಂಥ ಶಿಸ್ತು, ಎಂಥ ಸ್ವಚ್ಛತೆ, ನಮ್ಮಲ್ಲಿ ಯಾಕೆ ಹೀಗಿಲ್ಲ? ಇನ್ನೊಂದರಲ್ಲಿ ಮೂಗು ಮುರಿಯುತ್ತಾರೆ: ಎಲ್ಲ ಪ್ಲಾಸ್ಟಿಕ್ಕು, ಎಲ್ಲ ಸುಳ್ಳು, ನಮ್ಮ ಕಾಡು ಹೊಳೆಗಳ ಮುಂದೆ ಇದೇನು ಮಹಾ? ಮೊದಲನೆಯವರನ್ನು ಅವರ ಪಾಡಿಗೆ ಬಿಡೋಣ. ನನ್ನ ಜಗಳ ಎರಡನೆಯವರ ಜೊತೆ, ಯಾಕೆಂದರೆ ಸಾಹಿತ್ಯ ಓದುವ ನಾವು ಹೆಚ್ಚಿನವರು ಆ ಗುಂಪಿನಲ್ಲೇ ಇದ್ದೇವೆ. ಬೋದ್ರಿಲಾರ್ 1981ರಲ್ಲಿ ಡಿಸ್ನಿಲ್ಯಾಂಡ್ ಬಗ್ಗೆ ಬರೆದದ್ದನ್ನು ವಿಚಾರ ಸಂಕಿರಣಗಳಲ್ಲಿ ನಾವು ಎಷ್ಟು ಸಲ ಉಲ್ಲೇಖಿಸಿಲ್ಲ! ಆದರೆ ಅವನು ಅಲ್ಲಿ ಹೇಳಿದ್ದು ‘ಡಿಸ್ನಿಲ್ಯಾಂಡ್ ಸುಳ್ಳು’ ಎಂದಲ್ಲ. ಬೇಲಿಯೊಳಗಿನದನ್ನು ಸುಳ್ಳೆಂದು ತೋರಿಸಿ, ಬೇಲಿಯ ಹೊರಗಿನದೆಲ್ಲ ನಿಜವೆಂದು ನಂಬಿಸಲಾಗುತ್ತದೆ ಎಂದು. ಈ ಎರಡನೆಯ ಅರ್ಧವನ್ನು ಜೋಯಿಡಾಕ್ಕೋ ದಾಂಡೇಲಿಗೋ ಹಚ್ಚಿ ನೋಡಿದವರು ನನಗಂತೂ ಸಿಕ್ಕಿಲ್ಲ.

ಕಳೆದ ವರ್ಷ ಒಂದು ಸಮ್ಮೇಳನಕ್ಕೆಂದು ಸಿಂಗಪುರಕ್ಕೆ ಹೋದಾಗ, ಒಂದು ಇಡೀ ದಿನ ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಕಳೆದೆ. 2010ರಲ್ಲಿ ಬಾಗಿಲು ತೆರೆದ ಪಾರ್ಕು ಅದು. ಒಂದು ಓಣಿ ದಾಟಿದರೆ ಈಜಿಪ್ಟು, ಇನ್ನೊಂದು ದಾಟಿದರೆ ಡೈನೋಸಾರುಗಳ ಕಾಡು. ಆ ಕಾಡಿನಲ್ಲಿ ಒಂದು ನದಿಯಿದೆ. ದುಂಡನೆಯ ದೋಣಿಯಲ್ಲಿ ಕೂರಿಸುತ್ತಾರೆ, ನೀರು ತಿರುಗಿಸುತ್ತದೆ, ಕತ್ತಲೆಯ ಗುಹೆಯಲ್ಲಿ ದೋಣಿ ಲಿಫ್ಟಿನ ಹಾಗೆ ಮೇಲೇರಿ ದಡ್ ಎಂದು ಕೆಳಗೆ ಬೀಳುತ್ತದೆ. ಮಕ್ಕಳು, ಅಜ್ಜಿಯರು, ನಾನು, ಎಲ್ಲರೂ ತೊಯ್ದು ನಗುತ್ತ ಹೊರಗೆ ಬಂದೆವು. ಮಜಾ ಬಂತು. ಇದನ್ನು ಹೇಳಲು ಪಿಎಚ್.ಡಿ. ವಿದ್ಯಾರ್ಥಿಯೊಬ್ಬ ಯಾಕೆ ನಾಚಬೇಕೋ ತಿಳಿಯದು.

ಮುಖ್ಯವಾದ ಮಾತೆಂದರೆ, ಆ ನದಿ ಪಂಪಿನಿಂದ ಓಡುತ್ತದೆ ಎಂಬುದು ಅಲ್ಲಿ ಯಾರಿಗೂ ಗುಟ್ಟಲ್ಲ. ಗೊಂಬೆಯ ವೇಷ ತೊಟ್ಟ ನಟರ ಪಕ್ಕದಲ್ಲಿ ಸಾದಾ ಉಡುಪಿನ ಸಿಬ್ಬಂದಿಯೊಬ್ಬರು ನಿಂತಿರುತ್ತಾರೆ. ಸಾಲು ಮಾಡಿಸುವುದು, ಮೈಮೇಲೆ ಬೀಳುವವರನ್ನು ತಡೆಯುವುದು, ಸ್ವಲ್ಪ ಹೊತ್ತಿಗೆ ನಟರನ್ನು ವಿಶ್ರಾಂತಿಗೆ ಕರೆದೊಯ್ಯುವುದು ಅವರ ಕೆಲಸ. ವೇಷದೊಳಗೆ ಬೆವರುವ ಒಬ್ಬ ಮನುಷ್ಯನಿದ್ದಾನೆ, ಅವನಿಗೊಂದು ಪಾಳಿಯಿದೆ, ಪಾಳಿ ಮುಗಿದ ಮೇಲೆ ತಲೆ ಕಳಚಿಟ್ಟು ಮನೆಗೆ ಹೋಗುತ್ತಾನೆ. ಆ ಪಾರ್ಕು ಸಂತರ ಊರೇನೂ ಅಲ್ಲ. ದ್ವೀಪದ ಹಳೆಯ ಹೆಸರು ಬ್ಲಾಕಾಂಗ್ ಮಾಟಿ. ಮಲಯ್ ಭಾಷೆಯ ಆ ಹೆಸರಿನಲ್ಲೇ ಸಾವು ಇತ್ತು. 1942ರಲ್ಲಿ ಜಪಾನಿ ಸೈನ್ಯ ಕೊಂದ ಚೀನೀಯರ ಹೆಣಗಳು ಅದರ ದಂಡೆಗೆ ಬಂದು ಬಿದ್ದಿದ್ದವು. ಪ್ರವಾಸಿಗರಿಗೆ ಅಂಥ ಹೆಸರು ಆಗಿಬರುವುದಿಲ್ಲವೆಂದು ‘ಸೆಂಟೋಸಾ’, ಅಂದರೆ ನೆಮ್ಮದಿ, ಎಂದು ಬದಲಿಸಿದರು. ಆದರೂ ಗೇಟಿನ ಒಳಗೆ ನಡೆಯುವುದು ಆಟ ಎಂಬುದರಲ್ಲಿ ಅಲ್ಲಿ ಮೋಸವಿಲ್ಲ.

ಈಗ ನಮ್ಮ ನದಿಗೆ ಬನ್ನಿ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಹತ್ತಿರ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿಸುತ್ತಾರೆ. ಬೆಂಗಳೂರಿನಿಂದ ಬಂದವರು ಅದನ್ನು ‘ಕಾಡು ನದಿ’ ಎಂದು ಬರೆದುಕೊಳ್ಳುತ್ತಾರೆ. ಆದರೆ ಅಲ್ಲಿ ನೊರೆ ಏಳುವುದು ಮೇಲಿನ ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ. ವಿದ್ಯುತ್ತಿಗಾಗಿ ನೀರು ಬಿಡದ ದಿನ ದೋಣಿ ಕಲ್ಲಿಗೆ ತಾಗುತ್ತದೆ. ಸೆಂಟೋಸಾದ ನದಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿನ ಸ್ವಿಚ್ಚು ದೊಡ್ಡದು, ಮತ್ತು ಅದನ್ನು ಕೂರಿಸಲು ಒಂದು ಪೇಟೆಯೇ ಮುಳುಗಬೇಕಾಯಿತು. ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ನೀರಿನ ಅಡಿಯಲ್ಲಿದೆ. ಅಲ್ಲಿನ ಜನ ರಾಮನಗರಕ್ಕೆ ಬಂದು ಕುಳಿತರು, ತಾಲ್ಲೂಕಿನ ಹೆಸರು ಜೋಯಿಡಾ ಆಯಿತು. ಲೈಫ್ ಜಾಕೆಟ್ ತೊಡಿಸುವಾಗ ಈ ಸಂಗತಿಯನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ‘ನಿಸರ್ಗ’ದ ರುಚಿ ಕೆಡುತ್ತದಲ್ಲ.

ಪಾಳಾದವನಾದ ನನಗೆ ನಮ್ಮ ಮುಂಡಗೋಡು ಕೂಡ ಹೀಗೆ ಒಂದು ‘ವಲಯ’ವಾಗಿದ್ದು ಗೊತ್ತು. 1966ರಿಂದ ಇಲ್ಲಿ ನೆಲೆ ನಿಂತ ಟಿಬೆಟಿಯನ್ನರ ಕ್ಯಾಂಪುಗಳಿಗೆ ‘ಮಿನಿ ಟಿಬೆಟ್’ ಎಂಬ ಹೆಸರು ಬಿದ್ದಿದೆ. ಸ್ವಂತ ನೆಲಕ್ಕೆ ಮರಳಲಾಗದವರ ವಸತಿಗೆ ಮಿನಿ ಎಂದು ಕರೆಯುವುದು ಎಂಥ ವಿನೋದವೋ! ಓದುತ್ತ ಕುಳಿತ ಎಳೆಯ ಭಿಕ್ಷುಗಳ ಮುಖದ ಮುಂದೆ ಫೋನು ಹಿಡಿಯುವ ಕುಟುಂಬಗಳನ್ನು ಶಾಲಾ ದಿನಗಳಿಂದ ನೋಡಿದ್ದೇನೆ.

ಇದೆಲ್ಲಕ್ಕಿಂತ ನನ್ನನ್ನು ಕೆರಳಿಸುವುದು ಸಂಜೆಯ ಸಿದ್ದಿ ಡಾನ್ಸು. ದಾಂಡೇಲಿ ಕಡೆಯ ರೆಸಾರ್ಟುಗಳ ಪ್ಯಾಕೇಜಿನಲ್ಲಿ ಬೆಂಕಿ, ಬಾರ್ಬೆಕ್ಯೂ ಜೊತೆಗೆ ಇದೂ ಒಂದು ಸಾಲು. ಸಿದ್ದಿಗಳ ಡಮಾಮಿ ಅವರ ಹಬ್ಬದ್ದು, ಅವರ ಅಂಗಳದ್ದು. ಅದನ್ನು ವೇದಿಕೆಗೆ ತರಬಾರದೆಂದು ನಾನು ಹೇಳುತ್ತಿಲ್ಲ. ಯಕ್ಷಗಾನ ವೇದಿಕೆಗೆ ಬರುವುದಿಲ್ಲವೇ? ಆದರೆ ನಾನು ಕಂಡ ಒಂದು ಸಂಜೆಯಲ್ಲಿ ನಿರೂಪಕ ಅದನ್ನು ‘ಆಫ್ರಿಕನ್ ಟ್ರೈಬಲ್ ಡಾನ್ಸ್’ ಎಂದು ಕೂಗಿದ. ಕುಣಿಯುವವರ ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಮನೆಯಲ್ಲಿ ಕೊಂಕಣಿ ಆಡುವ, ಶಾಲೆಯಲ್ಲಿ ಕನ್ನಡ ಓದಿದ ಹುಡುಗಿಯರ ಮುಖಕ್ಕೆ ಬಿಳಿ ಗೆರೆ, ಸೊಂಟಕ್ಕೆ ಸೊಪ್ಪು. ಕುಣಿತ ಮುಗಿಯುವ ಮುಂಚೆಯೇ ಅತಿಥಿಯೊಬ್ಬ ಎದ್ದು ಹೋಗಿ ಒಬ್ಬಳ ಕೂದಲು ಹಿಡಿದು ನೋಡಿ, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಸಿಕೊಂಡ. ಅವಳು ನಕ್ಕಳು. ನಗುವುದೂ ಪ್ಯಾಕೇಜಿನಲ್ಲಿ ಇತ್ತು. ಸೆಂಟೋಸಾದ ಗೊಂಬೆಗೆ ಇದ್ದ ಕಾವಲು ಈ ಮನುಷ್ಯಳಿಗೆ ಇರಲಿಲ್ಲ.

ಈ ಆಟಕ್ಕೆ ಒಂದು ವಂಶವೃಕ್ಷವಿದೆ. 1889ರಲ್ಲಿ ಐಫೆಲ್ ಗೋಪುರ ಎದ್ದ ಪ್ಯಾರಿಸ್ ಪ್ರದರ್ಶನದಲ್ಲೇ ಆಫ್ರಿಕದ ಜನರನ್ನು ‘ಹಳ್ಳಿ’ ಕಟ್ಟಿಸಿ ತೋರಿಸಿದ್ದರು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಫಿಲಿಪ್ಪೀನ್ಸ್‌ನ ಸಾವಿರಕ್ಕೂ ಹೆಚ್ಚು ಜನ ಹಾಗೆ ಪ್ರದರ್ಶನದ ವಸ್ತುಗಳಾದರು. 1958ರಷ್ಟು ಈಚೆಗೆ ಬ್ರಸೆಲ್ಸ್‌ನಲ್ಲಿ ಬಿದಿರ ಬೇಲಿಯ ಆಚೆಗಿನ ಕಾಂಗೋ ಜನರತ್ತ ನೋಡುಗರು ಬಾಳೆಹಣ್ಣು ಎಸೆದರು. ಅವರು ಸಿಟ್ಟಾಗಿ ಮೇಳ ಮುಗಿಯುವ ಮೊದಲೇ ಊರಿಗೆ ಹೊರಟರು. ಆಧುನಿಕ ಥೀಮ್ ಪಾರ್ಕು ಹುಟ್ಟಿದ್ದು ಇಂಥ ಜಾಗತಿಕ ಪ್ರದರ್ಶನಗಳ ಹೊಟ್ಟೆಯಲ್ಲಿ. ಕಾಲ ಕಳೆದಂತೆ ಅದು ಮನುಷ್ಯರನ್ನು ಬಿಟ್ಟು ಇಲಿ, ರಾಕ್ಷಸ, ಡೈನೋಸಾರುಗಳನ್ನು ಹಿಡಿಯಿತು. ಅದನ್ನು ನಾನು ನಾಗರಿಕತೆಯ ಒಂದು ಸಣ್ಣ ಮುನ್ನಡೆ ಎಂದೇ ಎಣಿಸುತ್ತೇನೆ. ಪೂರ್ವ ಆಫ್ರಿಕದಿಂದ ಗುಲಾಮರಾಗಿ ಬಂದು, ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಮೊಮ್ಮಕ್ಕಳನ್ನು ಮತ್ತೆ ‘ಆಫ್ರಿಕ’ ಆಡಿಸುವ ನಾವು ಹೋಗುತ್ತಿರುವುದು ಹಿಂದಕ್ಕೆ.

‘ಅವರಿಗೆ ನಾಲ್ಕು ಕಾಸು ಸಿಗುತ್ತದಲ್ಲ’ ಎಂಬ ಮಾತು ಬಂದೇ ಬರುತ್ತದೆ. ಸಿಗುತ್ತದೆ, ಸಿಗಬೇಕು. ಕೂಲಿಗೆ ಹೋಗುವುದಕ್ಕಿಂತ ಕುಣಿಯುವುದು ಮೇಲು ಎಂದು ಒಬ್ಬ ಸಿದ್ದಿ ಹುಡುಗ ಹೇಳಿದರೆ ಅವನಿಗೆ ಪಾಠ ಹೇಳಲು ನಾನು ಯಾರು? ಆದರೆ ಹಣದ ಮಾತು ತೆಗೆದವರು ಹಣದ ಮಾತನ್ನು ಪೂರ್ತಿ ಆಡಲಿ. ದರ ನಿಗದಿ ಮಾಡುವವರು ಯಾರು? ಸೊಪ್ಪು ಉಡುವುದಿಲ್ಲ, ನಮ್ಮ ಸೀರೆಯಲ್ಲೇ ಕುಣಿಯುತ್ತೇವೆ ಎಂದರೆ ಮುಂದಿನ ವಾರ ಕರೆ ಬರುತ್ತದೆಯೇ? ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರಲ್ಲೊಬ್ಬರು ವಿಧಾನ ಪರಿಷತ್ತಿನಲ್ಲಿ ಕುಳಿತದ್ದು 2020ರಲ್ಲಿ. ಇಷ್ಟು ತಡವಾಗಿ ಪ್ರಜೆಗಳೆನಿಸಿಕೊಂಡವರನ್ನು ಊಟದ ಹೊತ್ತಿನ ಮೇಲೋಗರ ಮಾಡಿ, ಅದನ್ನು ಉದ್ಯೋಗ ಸೃಷ್ಟಿ ಎಂದು ಕರೆಯುವುದು ಅತಿಯಾಯಿತು.

ಸಿಮೆಂಟಿನ ಹಳ್ಳಿಯನ್ನು ಕಂಡು ನಗುವವರಿಗೂ ಒಂದು ಮಾತು. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಎತ್ತು ಹೂಡುವವರು, ರೊಟ್ಟಿ ಬಡಿಯುವವರು, ಕುಸ್ತಿಯವರು, ಎಲ್ಲರೂ ಸಿಮೆಂಟಿನವರು. ದೊಡ್ಡಾಟದ ಜೀವ ಉಳಿಸಲು ದುಡಿದ ಕಲಾವಿದ ಆತ. ತಾನು ನೋಡಿ ಬೆಳೆದ ಹಳ್ಳಿಯನ್ನು ಎರಕ ಹೊಯ್ದರು. ನನ್ನ ಸಹಪಾಠಿಗಳು ಅದನ್ನು ‘ನಾಸ್ಟಾಲ್ಜಿಯಾ’ ಎಂದು ತಳ್ಳಿಹಾಕುತ್ತಾರೆ. ಇರಬಹುದು. ಆದರೆ ಆ ಸಿಮೆಂಟಿನ ಹೆಂಗಸಿನ ಕೂದಲು ಯಾರು ಹಿಡಿದರೂ ಅವಳಿಗೆ ನೋವಾಗುವುದಿಲ್ಲ, ಬಲವಂತಕ್ಕೆ ನಗಬೇಕಾಗಿಯೂ ಇಲ್ಲ.

ಕಾಳಿ ಹುಲಿ ಮೀಸಲು ಪ್ರದೇಶದ ಒಳಗಿನ ಕುಣಬಿ, ಗೌಳಿ ಮನೆಗಳಿಗೆ ಕಾಡು ಬಿಟ್ಟು ಹೋದರೆ 15 ಲಕ್ಷ ರೂಪಾಯಿ ಎಂಬ ಪುನರ್ವಸತಿ ಯೋಜನೆಯಿದೆ. ಹುಲಿಗೆ ಜಾಗ ಬೇಕು, ಒಪ್ಪೋಣ. ಆದರೆ ಕಾಡಂಚಿನಲ್ಲಿ ಹೊಸ ಕಾಟೇಜುಗಳಿಗೆ ಜಾಗ ಸಿಗುತ್ತಲೇ ಇರುವಾಗ, ಜಾಗ ಕಡಿಮೆಯಾಗಿರುವುದು ಯಾರಿಗೆ? ಅದೇ ಜೋಯಿಡಾದಲ್ಲಿ ಕುಣಬಿಗಳು ಗೆಡ್ಡೆ ಗೆಣಸಿನ ಮೇಳ ನಡೆಸುತ್ತಾರೆ. ಅಲ್ಲಿ ಬೆಳೆದವರೇ ಕೂತು ಮಾರುತ್ತಾರೆ, ಬೆಲೆ ಹೇಳುವವರೂ ಅವರೇ, ಬಂದವರು ಗಿರಾಕಿಗಳು. ಡಮಾಮಿಗೂ ಅಂಥ ಅಂಗಳವೊಂದು ಬೇಕೆಂದು ಕೇಳುವವರೆಗೆ, ರೆಸಾರ್ಟಿನ ಬಿಲ್ಲಿನಲ್ಲಿ ‘ಮನರಂಜನೆ’ ಎಂದಿರುವ ಕಡೆ ಕುಣಿದವರ ಹೆಸರು ಮತ್ತು ಅವರ ಕೈ ಸೇರಿದ ಮೊತ್ತವನ್ನು ಬರೆಯಿರಿ ಎಂದಾದರೂ ನಾವು ಕೇಳಬಹುದು. ಮುಂದಿನ ತಿಂಗಳು ಡಿಪಾರ್ಟ್‌ಮೆಂಟಿನ ಪ್ರವಾಸ ದಾಂಡೇಲಿಗೆ ಎಂದು ನಿಶ್ಚಯವಾಗಿದೆ. ನಾನು ಕೇಳಲಿದ್ದೇನೆ.