ಬೆಣಚುಕಲ್ಲಿನ ಬಾಣದ ಮೊನೆಗೆ ಊರು ಯಾವುದು?

ಮಳೆಗಾಲ ಮುಗಿದ ಮೇಲೆ ಸಾಗರ, ಇಕ್ಕೇರಿ ಕಡೆಯ ಕೆಂಪು ಜಂಬಿಟ್ಟಿಗೆ ನೆಲದ ಮೇಲೆ ಬಿಳಿಯ ಕಲ್ಲುಚೂರುಗಳು ತೊಳೆದಿಟ್ಟಂತೆ ಎದ್ದು ಕಾಣುತ್ತವೆ. ಅದು ಬೆಣಚುಕಲ್ಲು. ಕತ್ತಲಲ್ಲಿ ಎರಡು ಬೆಣಚನ್ನು ಒಂದಕ್ಕೊಂದು ಉಜ್ಜಿ ಬೆಳಕು ಹೊಳೆಯಿಸುವ ಆಟ ಹಳ್ಳಿಯ ಮಕ್ಕಳಿಗೆ ಹೊಸದಲ್ಲ. ಅಂಥ ಚೂರಿನ ತುದಿ ಚೂಪಾಗಿದ್ದು, ಅಂಚಿನಲ್ಲಿ ಸಾಲಾಗಿ ಕಚ್ಚಿದ ಗುರುತಿದ್ದರೆ ಅದು ನೇರ ಜೇಬು ಸೇರುತ್ತದೆ. ಮನೆಗೆ ಬಂದ ಮೇಲೆ ‘ನಾಯಕರ ಕಾಲದ ಬಾಣದ ಮೊನೆ’ ಎಂಬ ಹೆಸರೂ ಸಿಗುತ್ತದೆ.

ನಾಯಕರ ಕಾಲದ್ದಂತೂ ಅಲ್ಲ. ಇಕ್ಕೇರಿ ಕೆಳದಿ ಅರಸರ ರಾಜಧಾನಿಯಾಗಿದ್ದದ್ದು 16–17ನೇ ಶತಮಾನಗಳಲ್ಲಿ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ನಡೆದ ಉತ್ಖನನದಲ್ಲಿ ಕ್ರಿ.ಪೂ. 1000ದ ಆಸುಪಾಸಿನ ಕಬ್ಬಿಣದ ವಸ್ತುಗಳೇ ದೊರೆತಿವೆ. ಕಬ್ಬಿಣ ಕೈಗೆ ಬಂದು ಎರಡೂವರೆ ಸಾವಿರ ವರ್ಷಗಳಾದ ಮೇಲೆ ಯಾವ ದಂಡು ಕಲ್ಲಿನ ಮೊನೆ ಕಟ್ಟಿಕೊಂಡು ಯುದ್ಧಕ್ಕೆ ಹೊರಟೀತು? ನಿಜವಾಗಿಯೂ ಮನುಷ್ಯ ಕೆತ್ತಿದ ಮೊನೆಯಾದರೆ ಅದು ಶಿಲಾಯುಗದ್ದು, ಸಾವಿರಾರು ವರ್ಷ ಹಳೆಯದು.

ಕಾಲಕ್ಕಿಂತ ಕಷ್ಟದ ಪ್ರಶ್ನೆ ಊರಿನದು. ಬೇಸಿಗೆ ರಜೆಯಲ್ಲಿ ಬಳ್ಳಾರಿಯ ಅಜ್ಜನ ಮನೆಯಲ್ಲಿ ಆಯ್ದದ್ದು, ತುಮಕೂರಿನ ಹೊಲದಲ್ಲಿ ಸಿಕ್ಕಿದ್ದು, ಗೆಳೆಯ ಕೊಟ್ಟದ್ದು ಎಲ್ಲವೂ ಒಂದೇ ಬಿಸ್ಕತ್ ಡಬ್ಬಿಗೆ ಬಿದ್ದಿವೆ ಎಂದುಕೊಳ್ಳಿ. ಯಾವುದು ಎಲ್ಲಿಯದು ಎಂದು ಕಲ್ಲನ್ನೇ ನೋಡಿ ಹೇಳಬಹುದೆ?

ಬಳ್ಳಾರಿ ಸಮೀಪದ ಕುಪ್ಪಗಲ್ಲು, ಸಂಗನಕಲ್ಲು ಗುಡ್ಡಗಳ ನುಣುಪು ಕೊಡಲಿಗಳ ವಿಷಯದಲ್ಲಿ ಇದು ಅಷ್ಟು ಕಷ್ಟವಲ್ಲ. ನವಶಿಲಾಯುಗದ ಜನ ಅಲ್ಲಿನ ಕಪ್ಪು ಡೋಲರೈಟ್ ಬಂಡೆಯಿಂದ ಕೊಡಲಿ ಮಾಡುತ್ತಿದ್ದರು. ಅದರಲ್ಲಿ ಹಲವು ಖನಿಜಗಳು ಬೆರೆತಿರುವುದರಿಂದ, ದೂರದಲ್ಲಿ ಸಿಕ್ಕ ಕೊಡಲಿಯನ್ನು ಮೂಲ ಬಂಡೆಯೊಂದಿಗೆ ಹೋಲಿಸಿ ನೋಡಲು ಆಧಾರವಿರುತ್ತದೆ. ಬೆಣಚು ಹಾಗಲ್ಲ. ಅದು ಹೆಚ್ಚುಕಡಿಮೆ ಬರೀ ಸಿಲಿಕಾನ್ ಡೈಆಕ್ಸೈಡ್. ಅಲ್ಯುಮಿನಿಯಂ, ಟೈಟಾನಿಯಂನಂಥ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿದ್ದು, ಅವನ್ನು ಅಳೆಯುವ ಯಂತ್ರಗಳು ಈಗ ಇವೆ. ಆದರೆ ಒಂದೇ ಗುಡ್ಡದ ಎರಡು ಬೆಣಚಿನ ಎಳೆಗಳಲ್ಲಿಯೇ ಆ ಲೆಕ್ಕ ಬೇರೆ ಬೇರೆಯಾಗಬಹುದು. ಮೇಲಾಗಿ ಬೆಣಚಿನ ಎಳೆ ಇಲ್ಲದ ತಾಲ್ಲೂಕು ದಕ್ಷಿಣ ಕರ್ನಾಟಕದಲ್ಲಿ ಯಾವುದಿದೆ?

ಆಕಾರ ನೋಡಿ ಹೇಳೋಣವೆಂದರೆ ಅದೂ ಪೂರ್ತಿ ಕೈಹಿಡಿಯುವುದಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ ದೊರೆತ ಸೂಕ್ಷ್ಮ ಶಿಲಾಯುಧಗಳ ಬಗ್ಗೆ ಕೆ.ಆರ್.ಯು. ಟಾಡ್ 1948ರಲ್ಲಿ ಬರೆದರು. ಅವುಗಳಲ್ಲಿ ಹೆಚ್ಚಿನವು ಬೆಣಚಿನವು. ಇಂಥವುಗಳಲ್ಲಿ ಉಗುರಿನಷ್ಟು ಚಿಕ್ಕ ಅರ್ಧಚಂದ್ರಾಕೃತಿಗಳೂ ಇರುತ್ತವೆ. ಮರದ ಅಂಟು ಹಚ್ಚಿ ಕೋಲಿಗೆ ಕೂಡಿಸಿದರೆ ಅದೇ ಬಾಣ. ಆದರೆ ಅದೇ ಅರ್ಧಚಂದ್ರ ತಮಿಳುನಾಡಿನಲ್ಲೂ ಉಂಟು, ಶ್ರೀಲಂಕಾದ ಬಟದೊಂಬ ಲೆನ ಗುಹೆಯಲ್ಲಿ 30,000 ವರ್ಷಗಳಿಗೂ ಹಿಂದಿನ ಪದರಗಳಲ್ಲೂ ಉಂಟು.

ಇದಕ್ಕೆ ಒಂದು ಅಪವಾದವಿದೆ. ಎಲೆಯಂತೆ ಎರಡೂ ಮೈಗಳನ್ನು ಒತ್ತಿ ಒತ್ತಿ ಕೆತ್ತಿದ, ಚಿತ್ರಪುಸ್ತಕದಲ್ಲಿ ಕಾಣುವಂಥ ಬಾಣದ ಮೊನೆ ದಕ್ಷಿಣ ಭಾರತದಲ್ಲಿ ಅಪರೂಪ. ತಿರುನೆಲ್ವೇಲಿ ಕಡೆಯ ಕರಾವಳಿಯಲ್ಲಿ ‘ತೇರಿ’ ಎಂದು ಕರೆಯುವ ಕೆಂಪು ಮರಳಿನ ದಿಬ್ಬಗಳಿವೆ. ಅಲ್ಲಿನ ಆಯುಧಗಳನ್ನು ಝಾಯ್ನರ್ ಮತ್ತು ಆಲ್ಚಿನ್ 1956ರಲ್ಲಿ ವಿವರಿಸಿದಾಗ ಇಂಥ ಮೊನೆಗಳು ಬೆಳಕಿಗೆ ಬಂದವು. ಅವರಿಗೆ ಅವುಗಳ ನಂಟು ಕಂಡದ್ದು ಸಿಂಹಳದ ಕಡೆಗೆ. ಆದ್ದರಿಂದ ಡಬ್ಬಿಯಲ್ಲಿ ಅಂಥ ಮೊನೆಯಿದ್ದರೆ ಅದನ್ನು ತಂದವರು ಯಾವ ದಾರಿಯಾಗಿ ಬಂದವರೆಂದು ಮೊದಲು ಕೇಳಬೇಕು. ತೇರಿಯ ಕಲ್ಲುಗಳಿಗೆ ಇನ್ನೊಂದು ಗುರುತು: ಕೆಂಪು ಮರಳಿನಲ್ಲಿ ಹುದುಗಿದ್ದು ಬಣ್ಣ ಹಿಡಿದಿರುತ್ತವೆ. ನಮ್ಮ ಜಂಬಿಟ್ಟಿಗೆ ಮಣ್ಣೂ ಬಿರುಕುಗಳಲ್ಲಿ ತುಕ್ಕಿನ ಬಣ್ಣ ಬಿಡುತ್ತದೆ. ಎರೆಭೂಮಿಯಲ್ಲಿ ಬಿದ್ದಿದ್ದ ಕಲ್ಲಿಗೆ ಸುಣ್ಣದ ಹರಳು ಅಂಟಿರುವುದುಂಟು. ಸಾಮಾನ್ಯವಾಗಿ ನಡೆಯುವುದೇನೆಂದರೆ, ಹುಡುಗ ತಂದ ಕಲ್ಲನ್ನು ಮನೆಯಲ್ಲಿ ಬ್ರಷ್ಷು ಹಾಕಿ ಫಳಫಳ ಉಜ್ಜಿ ಇಡುತ್ತಾರೆ. ಸಾಕ್ಷ್ಯ ಬಚ್ಚಲ ನೀರಿನ ಜೊತೆ ಹೋಯಿತು!

ಸಿಕ್ಕ ಜಾಗ ಗೊತ್ತಿದ್ದರೆ ಕತೆಯೇ ಬೇರೆ. ಪಟ್ಟೆಪಟ್ಟೆಯ ಅಗೇಟ್ ಕಲ್ಲನ್ನು ನೋಡಿ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಹರಡಿರುವ ದಖನ್ ಟ್ರಾಪ್ ಶಿಲೆಯ ಗುಳ್ಳೆಗಳಲ್ಲಿ ಅದು ಬೆಳೆಯುತ್ತದೆ. ಕೃಷ್ಣೆಯ ದಂಡೆಯಲ್ಲಿ ಅಗೇಟ್ ಸಿಕ್ಕರೆ ವಿಶೇಷವೇನಿಲ್ಲ, ಹೊಳೆಯೇ ಉರುಳಿಸಿ ತಂದಿರಬಹುದು. ಇಕ್ಕೇರಿಯಲ್ಲಿ ಸಿಕ್ಕರೆ? ವರದೆ ಹುಟ್ಟುವುದೇ ಇಲ್ಲಿಗೆ ಹತ್ತಿರದ ವರದಾಮೂಲದಲ್ಲಿ. ಇಲ್ಲಿಂದ ನೀರು ಹೊರಗೆ ಹರಿಯುತ್ತದೆಯೇ ಹೊರತು ಟ್ರಾಪ್ ಸೀಮೆಯಿಂದ ಒಳಗೆ ಬರುವುದಿಲ್ಲ. ಹಾಗಾದರೆ ಆ ಕಲ್ಲು ಯಾರದೋ ಕೈಯಲ್ಲಿ ಬಂದಿರಬೇಕು. ಅಂದು ಬಂತೆ, ಮೊನ್ನೆ ಮೊನ್ನೆ ಬಂತೆ ಎಂಬುದನ್ನು ಅದರ ಜೊತೆ ಅದೇ ನೆಲದಲ್ಲಿದ್ದ ಬಿಳಿಯ ಬೆಣಚಿನ ಚಕ್ಕೆಗಳು ಹೇಳಬಲ್ಲವು. ಅವುಗಳನ್ನೆಲ್ಲ ಬೆರೆಸಿದ ಡಬ್ಬಿ ಹೇಳಲಾರದು.

ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೈಗೊಡಲಿ ಕಂಡವರು. ಬಳ್ಳಾರಿ, ಮೈಸೂರು ಸೀಮೆಗಳಲ್ಲೂ ಓಡಾಡಿ ಕೂಡಿಹಾಕಿದವರು. ಅವರು 1912ರಲ್ಲಿ ತೀರಿಕೊಂಡರು. ಮದ್ರಾಸ್ ಮ್ಯೂಸಿಯಂ ಸೇರಿದ ಅವರ ಸಂಗ್ರಹದ ಪಟ್ಟಿ ಅಚ್ಚಾದದ್ದು 1914 ಮತ್ತು 1916ರಲ್ಲಿ. ಕಲ್ಲುಗಳನ್ನು ಊರೂರಿನ ಹೆಸರಿನಡಿ ಬರೆದಿಟ್ಟದ್ದರಿಂದಲೇ ಸಂಶೋಧಕರು ಆ ಜಾಗಗಳನ್ನು ಮತ್ತೆ ಹುಡುಕಿಕೊಂಡು ಹೋಗಲು ಸಾಧ್ಯವಾಯಿತು.

ಇಕ್ಕೇರಿಯ ಹುಡುಗ ಅಥವಾ ಹುಡುಗಿಗೆ ಅಂಥ ಚೂರು ಕಂಡರೆ ಎತ್ತುವ ಮುಂಚೆ ಬಿದ್ದಲ್ಲೇ ಒಂದು ಫೋಟೋ ತೆಗೆಯಲಿ. ಊರು, ಸರ್ವೆ ನಂಬರು, ತಾರೀಖು, ಮಣ್ಣಿನ ಬಣ್ಣ, ಅಕ್ಕಪಕ್ಕ ಇನ್ನೆಷ್ಟು ಚೂರುಗಳಿವೆ ಎಂಬುದನ್ನು ಅಲ್ಲೇ ನಿಂತು ಬರೆದುಕೊಳ್ಳಲಿ. ನೆಲ ಅಗೆಯುವ ಉತ್ಸಾಹ ಬೇಡ. ತೋರಿಸಿ ಕೇಳಬೇಕೆಂದರೆ ಕೆಳದಿಯಲ್ಲೊಂದು ವಸ್ತುಸಂಗ್ರಹಾಲಯವಿದೆ, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. ಕಲ್ಲಿಗಿಂತ ಮೊದಲು ಆ ಚೀಟಿಯನ್ನು ಮೇಜಿನ ಮೇಲಿಡಬಹುದು.