ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದ ಮೊದಲ ವಾರ ಅದರ ಬಣ್ಣ ನೋಡುವುದರಲ್ಲೇ ಕಳೆದುಹೋಗುತ್ತದೆ. ಗುಣ ಗೊತ್ತಾಗುವುದು ಎರಡನೆಯ ವಾರ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಓದುಗರೊಬ್ಬರು ಈಗ ಈ ಎರಡನೆಯ ವಾರದಲ್ಲಿದ್ದಾರೆ. ಅವರು ಕೊಂಡಿರುವುದು 1991ರ ಮಾಜ್ದಾ ಮಿಯಾಟಾ. ಎರಡೇ ಸೀಟಿನ, ಟಾಪು ಮಡಚುವ ಸ್ಪೋರ್ಟ್ಸ್ ಕಾರು. ಆಕ್ಸಿಲರೇಟರ್ ಒತ್ತಿದೊಡನೆ ಇಂಜಿನ್ ಒಂದು ಕ್ಷಣ ಮುಗ್ಗರಿಸಿ, ಏನೋ ಯೋಚಿಸಿದಂತೆ ಮಾಡಿ, ಆಮೇಲೆ ಓಡುತ್ತದಂತೆ. "ಹಳೇ ಗಾಡಿ ಅಲ್ಲವೇ, ಅದು ಹಾಗೇ" ಎಂದನಂತೆ ಮಾರಿದಾತ. "ಗಾಳಿಮಾಪಕ, ಇಂಧನದ ಪಂಪು, ಕಂಪ್ಯೂಟರು ಮೂರನ್ನೂ ಬದಲಿಸಿಬಿಡೋಣ" ಎಂದನಂತೆ ಗ್ಯಾರೇಜಿನವನು. ಯಾರ ಮಾತು ಕೇಳಲಿ ಎಂಬುದು ಅವರ ಪ್ರಶ್ನೆ.

ಇಬ್ಬರ ಮಾತೂ ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯಿದೆಯಲ್ಲ, ಕಾಯಿಲೆ ಗೊತ್ತಾಗುವ ಮೊದಲೇ ಬಿಡಿಭಾಗ ಬದಲಿಸುವುದೆಂದರೆ ಅದೇ. ಮೂರು ಸಾಮಾನು ಹಾಕಿದ ಮೇಲೂ ಇಂಜಿನ್ ಮುಗ್ಗರಿಸಿದರೆ ಹಣವೂ ಹೋಯಿತು, ದೋಷದ ಸುಳಿವೂ ಸಿಗಲಿಲ್ಲ. ಹಾಗೆಂದು ಮಾರಿದಾತನನ್ನು ನಂಬಿ ಸುಮ್ಮನಿರುವುದೂ ಸಲ್ಲದು. ಅಲ್ಲಿನ ಹೆದ್ದಾರಿಗೆ ಪಕ್ಕದ ದಾರಿಯಿಂದ ಸೇರುವಾಗ ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಬರುವ ವಾಹನಗಳ ನಡುವೆ ಜಾಗ ಹಿಡಿಯಬೇಕು. ಆಗ ನಿಮ್ಮ ಇಂಜಿನ್ ಯೋಚಿಸುತ್ತ ನಿಂತರೆ, ಹಿಂದಿನಿಂದ ಬರುವ ಲಾರಿ ನಿಲ್ಲುವುದಿಲ್ಲ.

ಈ ಕಾರು ಮೊದಲು ಪ್ರದರ್ಶನಗೊಂಡದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೋದಲ್ಲಿ. ಮೊದಲ ವರ್ಷಗಳ ಮಾದರಿಗೆ 1.6 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್. ಯಂತ್ರ ಸರಳ; ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ.

ಯಾವುದೇ ಪೆಟ್ರೋಲ್ ಇಂಜಿನ್ನಿಗೆ ಬೇಕಾದುದು ಮೂರು: ಗಾಳಿ, ಪೆಟ್ರೋಲು, ಕಿಡಿ. ಆಕ್ಸಿಲರೇಟರ್ ಒತ್ತಿದಾಗ ಗಾಳಿ ಹಗುರವಾದುದರಿಂದ ಥಟ್ಟನೆ ಒಳನುಗ್ಗುತ್ತದೆ. ಪೆಟ್ರೋಲಿನ ಒಂದಂಶ ದಾರಿಯ ಗೋಡೆಗೆ ಅಂಟಿ ಹಿಂದುಳಿಯುತ್ತದೆ. ಈ ಕೊರತೆ ತುಂಬಲೆಂದೇ ಕಂಪ್ಯೂಟರು ಆ ಕ್ಷಣಕ್ಕೆ ಒಂದಿಷ್ಟು ಹೆಚ್ಚು ಪೆಟ್ರೋಲು ಕೊಡಿಸುತ್ತದೆ. ಈ ಲೆಕ್ಕ ಎಲ್ಲಿ ತಪ್ಪಿದರೂ ಇಂಜಿನ್ ಮುಗ್ಗರಿಸುತ್ತದೆ.

ಆದ್ದರಿಂದ ಸ್ಪ್ಯಾನರು ಹಿಡಿಯುವ ಮೊದಲು, ವೈದ್ಯರು ಕೇಳುವಂತೆ, "ಯಾವಾಗ?" ಎಂದು ಕೇಳಿಕೊಳ್ಳಿ. ಪೆಡಲ್ ಒತ್ತಿದ ಮೊದಲ ಕ್ಷಣದಲ್ಲಿ ಮಾತ್ರವೇ? ಹಾಗಾದರೆ ಗಾಳಿಯ ಕಡೆ ನೋಡಿ. ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿದ್ದು ಜೋರಾಗಿ ಒತ್ತಿದಾಗಲೇ? ಹಾಗಾದರೆ ಕಿಡಿ. ಪೂರ್ತಿ ಒತ್ತಿಹಿಡಿದು ವೇಗವಾಗಿ ಓಡಿಸುವಾಗಲೇ? ಹಾಗಾದರೆ ಪೆಟ್ರೋಲು. ಇದು ಶಾಸ್ತ್ರವಾಕ್ಯವಲ್ಲ, ಆದರೆ ಹುಡುಕಾಟ ಎಲ್ಲಿಂದ ಆರಂಭಿಸಬೇಕೆಂದು ತೋರಿಸುತ್ತದೆ.

ಮೊದಲು ಗಾಳಿ. 1.6 ಲೀಟರ್ ಮಾದರಿಯ ಗಾಳಿಮಾಪಕದಲ್ಲಿ ಒಂದು ಪುಟ್ಟ ಬಾಗಿಲಿದೆ. ಒಳಹೋಗುವ ಗಾಳಿ ಅದನ್ನು ತಳ್ಳಿದಷ್ಟು ಪೆಟ್ರೋಲು ಕೊಡಬೇಕೆಂದು ಕಂಪ್ಯೂಟರು ಲೆಕ್ಕಹಾಕುತ್ತದೆ. ಮಾಪಕದಿಂದ ಮುಂದಕ್ಕೆ ಇರುವುದು ಮಡಿಕೆ ಮಡಿಕೆಯಾದ ರಬ್ಬರ್ ಕೊಳವೆ. ಮೂವತ್ತು ವರ್ಷ ಇಂಜಿನ್ನಿನ ಬಿಸಿ ತಿಂದ ರಬ್ಬರು ಸೀಳದೆ ಇರುತ್ತದೆಯೇ? ಆ ಸೀಳಿನಿಂದ ನುಗ್ಗಿದ ಗಾಳಿ ಅಳತೆಗೆ ಸಿಕ್ಕದ ಗಾಳಿ. ಅದಕ್ಕೆ ತಕ್ಕ ಪೆಟ್ರೋಲು ಬರುವುದಿಲ್ಲ. ತಮಾಷೆಯೆಂದರೆ, ನಿಂತ ಇಂಜಿನ್ನಿನಲ್ಲಿ ಸೀಳು ಮುಚ್ಚಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಇಂಜಿನ್ ವಾಲುವುದರಿಂದ ಬಾಯಿ ಬಿಡುತ್ತದೆ. ಆದ್ದರಿಂದ ಕೊಳವೆಯನ್ನು ಬಿಚ್ಚಿ, ಬಗ್ಗಿಸಿ, ಮಡಿಕೆಗಳ ನಡುವೆ ನೋಡಬೇಕು. ಹಾಗೆಯೇ ಮಾಪಕದ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಳ್ಳಿನೋಡಿ. ಎಲ್ಲೂ ಸಿಕ್ಕಿಕೊಳ್ಳದೆ ಚಲಿಸಬೇಕು. ಸೀಳು ಹುಡುಕಲು ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲು ಚಿಮುಕಿಸುವ ಚಾಳಿ ಮಾತ್ರ ಬೇಡವೇ ಬೇಡ, ಬೆಂಕಿಯ ಆಟ ಅದು.

ಎರಡನೆಯದು ಕಿಡಿ. ಭಾರ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ, ಆಗ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು. ನಿಂತಲ್ಲಿ ಚೆನ್ನಾಗಿಯೇ ಓಡುವ ಇಂಜಿನ್ ಏರಿನಲ್ಲಿ ಮಿಸ್ ಹೊಡೆಯುವುದು ಇದಕ್ಕೇ. ಈ ಕಾರಿನಲ್ಲಿ ಪ್ಲಗ್ಗಿನ ತಂತಿಗಳು ಹಳತಾಗಿ ಸೋರುವುದು ಹೊಸ ಸುದ್ದಿಯೇನಲ್ಲ. ರಾತ್ರಿ ಬಯಲಿನಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗ ಕೈ ತಾಗಿಸದೆ ನೋಡಿ. ತಂತಿಯ ಸುತ್ತ ನೀಲಿ ಮಿಂಚು ಕಂಡರೆ ಕಳ್ಳ ಸಿಕ್ಕಿದ ಹಾಗೆ. ಮುಚ್ಚಿದ ಶೆಡ್ಡಿನಲ್ಲಿ ಈ ಪರೀಕ್ಷೆ ಬೇಡ, ಹೊಗೆ ಪ್ರಾಣಾಂತಿಕ. ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡುವುದೂ ಒಳ್ಳೆಯದು. ಮೂರು ತಿಳಿಕಂದು ಬಣ್ಣವಿದ್ದು ಒಂದು ಮಾತ್ರ ಕಪ್ಪಾಗಿದ್ದರೆ, ಆ ಸಿಲಿಂಡರಿನ ಮೇಲೆ ಗಮನವಿಡಿ.

ಮೂರನೆಯದು ಪೆಟ್ರೋಲು. ಇದರ ಫಿಲ್ಟರು ಕಾರಿನ ಹಿಂಭಾಗದಲ್ಲಿ, ತಳದಲ್ಲಿದೆ. ಕಣ್ಣಿಗೆ ಬೀಳದ ವಸ್ತುವನ್ನು ಹಿಂದಿನ ಮಾಲೀಕರು ಬದಲಿಸಿರುತ್ತಾರೆಂಬ ನಂಬಿಕೆ ಬೇಡ. ಅದು ಅಗ್ಗ, ಪಂಪು ದುಬಾರಿ. ಪಂಪನ್ನು ದೂರುವ ಮೊದಲು ಒತ್ತಡ ಅಳೆಸಿ ನೋಡಿ.

ಇನ್ನೊಂದು ಪುಟ್ಟ ಆರೋಪಿ ಥ್ರಾಟಲ್ ಪಕ್ಕದ ಸ್ವಿಚ್ಚು. ಕಾಲು ಪೆಡಲಿನಿಂದ ತೆಗೆದಿದೆಯೋ ಇಲ್ಲವೋ ಎಂದು ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಅದು ಸರಿದು ಕೂತಿದ್ದರೆ, ನೀವು ಒತ್ತುತ್ತಿದ್ದರೂ ಕಂಪ್ಯೂಟರು ಕಾಲು ತೆಗೆದಿದ್ದೀರೆಂದು ಭಾವಿಸಿ ಪೆಟ್ರೋಲು ನಿಲ್ಲಿಸೀತು. ಕಿಡಿಯ ಟೈಮಿಂಗನ್ನೂ ಪರೀಕ್ಷಿಸಿ. ಕಾರ್ಖಾನೆಯ ಲೆಕ್ಕ 10 ಡಿಗ್ರಿ. ಹಿಂದಿನ ಮಾಲೀಕರು ಉತ್ಸಾಹದಿಂದ ತಿರುಗಿಸಿಟ್ಟಿರಬಹುದು.

ಅಮೆರಿಕದಲ್ಲಿ ಎಲ್ಲ ಕಾರುಗಳಿಗೂ ಒಂದೇ ಬಗೆಯ ಸ್ಕ್ಯಾನರ್ ಹೊಂದುವ ಪದ್ಧತಿ ಕಡ್ಡಾಯವಾದದ್ದು 1996ರ ಮಾದರಿಗಳಿಂದ. ಅದಕ್ಕೆ ಹಿಂದಿನ ಈ ಕಾರಿನಲ್ಲಿ ಬಾನೆಟ್ ಕೆಳಗಿನ ಡಬ್ಬಿಯ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿದರೆ ಎಚ್ಚರಿಕೆಯ ದೀಪ ಮಿಣುಕಿ ದೋಷದ ಸಂಖ್ಯೆ ಹೇಳುತ್ತದೆ. ಯಾವ ತುದಿಗಳೆಂಬುದನ್ನು ಕೈಪಿಡಿ ನೋಡಿಯೇ ಜೋಡಿಸಿ. ದೀಪ ಏನನ್ನೂ ಹೇಳಲಿಲ್ಲವೆಂದು ನೆಮ್ಮದಿ ಬೇಡ; ಸೀಳಿದ ರಬ್ಬರು, ಕಟ್ಟಿದ ಫಿಲ್ಟರು ಹೆಚ್ಚಾಗಿ ಅದರ ಕಣ್ಣಿಗೆ ಬೀಳುವುದಿಲ್ಲ.

ಖರ್ಚಿಲ್ಲದ ಪರೀಕ್ಷೆ ಮೊದಲು, ಅಗ್ಗದ್ದು ಆಮೇಲೆ, ದುಬಾರಿಯದು ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ ಓಡಿಸಿ, ಏನಾಯಿತೆಂದು ಬರೆದಿಟ್ಟುಕೊಳ್ಳಿ. ರೋಗ ಸಿಕ್ಕುವವರೆಗೆ ಹೆದ್ದಾರಿಯ ಆಸೆ ಬಿಡಿ, ಊರೊಳಗಿನ ರಸ್ತೆ ಸಾಕು. ಗ್ಯಾರೇಜಿಗೆ ಹೋಗಲೇಬೇಕಾಗಿ ಬಂದರೆ "ಬದಲಿಸಿಕೊಡಿ" ಎನ್ನಬೇಡಿ. "ಅಳೆದು ಹೇಳಿ" ಎನ್ನಿ.